ಕಂಬಕ್ಕೆ ಶಾಂತಿ ಹೇಳಿದವನ ಪತ್ರ

ಪ್ರಿಯ ರಾಯಪ್ಪ,

ಶೆಟ್ಟಿಹಳ್ಳಿ ಚರ್ಚಿನ ಫೋಟೊ ಕಳಿಸಿ, "ಇಲ್ಲಿಗೆ ಹೋಗಿದ್ದೀಯಾ?" ಎಂದು ಕೇಳಿದ್ದೀಯಲ್ಲ, ಬೆಂಗಳೂರಿನ ನೀರು ನಿನ್ನ ನೆನಪನ್ನೂ ತೊಳೆದುಬಿಟ್ಟಿದೆ. ಕೊಡೆಯ ಪ್ರಕರಣ ನಡೆದದ್ದು ಎಲ್ಲಿ? ಹೋಗಲಿ ಬಿಡು, ನಾಲ್ಕು ಜನ ಓದುವ ಜಾಗದಲ್ಲಿ ಅದು ಬೇಡ.

ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಆ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಮದುವೆಯ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ನಮ್ಮ ಅಪ್ಪ ಮಾತ್ರ ಅದನ್ನು ಒಮ್ಮೆಯೂ ಚಂದ ಎಂದವರಲ್ಲ. ಅವರಿಗೆ ಜ್ಞಾನಸ್ನಾನವಾದದ್ದು ಅಲ್ಲಿ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟು, ಪರಿಹಾರದ ಹಣಕ್ಕೆ ಸಕಲೇಶಪುರದ ಕಡೆ ಮೂರೂವರೆ ಎಕರೆ ಕೊಂಡರು. ಊರನ್ನೇ ನೀರಿಗೆ ಬಿಟ್ಟುಕೊಟ್ಟು ಬಂದ ಮನುಷ್ಯನ ಮಕ್ಕಳು, ನಾನೂ ನನ್ನ ತಮ್ಮನೂ, ಒಂದು ಬೇಲಿಗಾಗಿ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೇವೆ. ಇಷ್ಟು ನಿನಗೆ ಗೊತ್ತು.

ಈಗ ನಾವಿಬ್ಬರೂ ಹೋಗುವ ಚರ್ಚು ಒಂದೇ, ಪೂಜೆಯೂ ಒಂದೇ. ತಮ್ಮನ ಸಂಸಾರ ನನ್ನ ಹಿಂದಿನ ಬೆಂಚಿನಲ್ಲಿ. ಪರಮಪ್ರಸಾದಕ್ಕೆ ಮುಂಚೆ ಪರಸ್ಪರ ಶಾಂತಿ ಹಂಚಿಕೊಳ್ಳಿರಿ ಎನ್ನುತ್ತಾರಲ್ಲ, ಆ ಅರ್ಧ ನಿಮಿಷಕ್ಕೆ ನಾನೊಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಎಡಗಡೆ ಕಂಬದ ಪಕ್ಕ ಒಬ್ಬ ಅಜ್ಜಿ ಕೂರುತ್ತಾರೆ. ಅವರತ್ತ ತಿರುಗಿ, ಕೈ ಜೋಡಿಸಿ, ಮಂಡಿನೋವು ವಿಚಾರಿಸುವಷ್ಟರಲ್ಲಿ "ದೇವರ ಕುರಿಮರಿಯೇ" ಪ್ರಾರ್ಥನೆ ಶುರುವಾಗಿರುತ್ತದೆ. ಆ ಅಜ್ಜಿಯ ಮಂಡಿಯ ಬಗ್ಗೆ ಊರಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ.

ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದ ಮೂರನೆಯ ಭಾನುವಾರ ಅಜ್ಜಿ ಬಂದಿರಲಿಲ್ಲ. ಅಭ್ಯಾಸಬಲ. ಎಡಕ್ಕೆ ತಿರುಗಿದೆ, ಕೈ ಜೋಡಿಸಿದೆ, ತಲೆಯನ್ನೂ ಬಾಗಿಸಿದೆ. ಸುಣ್ಣ ಬಳಿದ ಕಂಬಕ್ಕೆ "ಶಾಂತಿ" ಎಂದುಬಿಟ್ಟಿದ್ದೆ. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ನಗು ತಡೆಯುವಾಗ ಅಪ್ಪ ಹಾಗೆಯೇ ಕೆಮ್ಮುತ್ತಿದ್ದರು.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಹೋಗಿ ಮೊದಲು ಸಹೋದರನೊಂದಿಗೆ ರಾಜಿಯಾಗು ಎಂಬ, ಬೈಬಲಿನ ಮತ್ತಾಯನ 5ನೆಯ ಅಧ್ಯಾಯದ ಮಾತು ನನಗೆ ಬಾಯಿಪಾಠ. ಆದರೆ ಅದರ ಹಿಂದಿನ ಸಾಲನ್ನು ಸರಿಯಾಗಿ ಓದಿರಲಿಲ್ಲ. ನಿನಗೆ ಅವನ ಮೇಲೆ ಕೋಪವಿದ್ದರೆ ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ.

ಆ ವಾರವೇ, ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋದೆ. (ಅಲ್ಲಿಯ ಗುಟ್ಟು ಕಾಯಬೇಕಾದವರು ಗುರುಗಳು. ನನಗೆ ಅಂಥ ಕಟ್ಟುಪಾಡಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.) ವರ್ಷವೂ ಹೇಳುವುದನ್ನೇ ಹೇಳಿದೆ: ತಮ್ಮನ ಮೇಲೆ ಕೋಪವಿದೆ. ವರ್ಷವೂ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಿಸಿ ಕಳಿಸುತ್ತಿದ್ದರು. ಈ ಸಲ ಹೊಸ ಫಾದರ್. ಜಾಲರಿಯ ಆಚೆಯಿಂದ ಕೇಳಿದರು: "ಕೋಪ ಇರಲಿ. ನೀವು ಅವರಿಗೆ ಏನಾದರೂ ಕೊಡುವುದಿದೆಯೇ?"

"ಮೆಣಸು" ಎಂದೆ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

ಹೌದು ಮಾರಾಯ. ನಿನಗೆ ಇಷ್ಟು ವರ್ಷ ಹೇಳಿದ ಕತೆಯಲ್ಲಿ ಮೆಣಸು ಇರಲಿಲ್ಲ. ತಮ್ಮ ಬೇಲಿ ಕಿತ್ತ, ಬೈದ, ಅಪ್ಪನ ವರ್ಷದ ಪೂಜೆಗೂ ಬರಲಿಲ್ಲ, ಇಷ್ಟೇ ಇತ್ತು. ಜಮೀನು ಪಾಲಾದ ಮೊದಲ ವರ್ಷ, ಮಗಳ ಜ್ವರಕ್ಕೆಂದು ಅವನು ಹಾಸನದ ಆಸ್ಪತ್ರೆಯಲ್ಲಿದ್ದಾಗ, ಅವನ ಕಡೆಯ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳ ಸಾಲಿಗೆ ಏಣಿ ಹಾಕಿಸಿ ಮೆಣಸು ಕುಯ್ಯಿಸಿದವನು ನಾನು. ಏಣಿ ಹತ್ತಿದ್ದ ಆಳು, "ಇದು ಚಿಕ್ಕ ಯಜಮಾನರ ಸಾಲಲ್ಲವೇ?" ಎಂದು ಮೇಲಿನಿಂದಲೇ ಕೇಳಿದ. "ಸುಮ್ಮನೆ ಕುಯ್ಯಿ" ಎಂದೆ. ಒಣಗಿದ ಮೇಲೆ ಎರಡು ಚೀಲ ಆಯಿತು. ನೀನು ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡಿ ಹೊಗಳಿದೆಯಲ್ಲ, ಆ ಟಿ.ವಿ. ಅದೇ ದುಡ್ಡಿನದು. ಅವನು ಬೇಲಿ ಕಿತ್ತದ್ದು ಇದಾದ ಮೇಲೆ.

ಫಾದರ್ ಪಾಪಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತಕ್ಕೆ ಲೂಕನ 19ನೆಯ ಅಧ್ಯಾಯ ಓದಿ ಎಂದರು, ಜಕ್ಕಾಯನ ಕತೆ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದನಲ್ಲ, ಯೇಸುವನ್ನು ನೋಡಲು ಮರ ಹತ್ತಿದ್ದ ಆ ಸುಂಕದವನು. ಎರಡು ಚೀಲಕ್ಕೆ ಎಂಟು ಚೀಲ! ಈಗಿನ ಮೆಣಸಿನ ದರ ಕೇಳಿದ್ದರೆ ಜಕ್ಕಾಯ ಮರದಿಂದ ಇಳಿಯುತ್ತಲೇ ಇರಲಿಲ್ಲ. ರಾತ್ರಿ ಕೂತು ಬೈಬಲಿನಲ್ಲಿ ಇದಕ್ಕಿಂತ ಅಗ್ಗದ ದರ ಹುಡುಕಿದೆ. ವಿಮೋಚನಾಕಾಂಡದಲ್ಲಿ ಕದ್ದು ಮಾರಿದ ಕುರಿಗೆ ನಾಲ್ಕು, ಎತ್ತಿಗೆ ಐದು; ಪ್ರಯೋಜನವಿಲ್ಲ. ಸಂಖ್ಯಾಕಾಂಡದ 5ನೆಯ ಅಧ್ಯಾಯದಲ್ಲಿ ಸಿಕ್ಕಿತು: ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಹಿಂದಿರುಗಿಸಿ, ಮೇಲೆ ಐದನೆಯ ಒಂದು ಪಾಲು ಸೇರಿಸಿದರೆ ಸಾಕು. ಚೌಕಾಸಿ ಗೆದ್ದ ವ್ಯಾಪಾರಿಯ ಹಾಗೆ ಖುಷಿಯಾಯಿತು. ದೀಪ ಆರಿಸಿದ ಮೇಲೆ ಆ ಮೊದಲ ಮಾತು ಮತ್ತೆ ಬಂತು. ಒಪ್ಪಿಕೊಂಡು. ಚೀಲಗಳನ್ನು ಆಳಿನ ಕೈಲಿ ಕಳಿಸಬಹುದು. ಇದನ್ನು ಯಾರ ಕೈಲಿ ಕಳಿಸಲಿ?

ನೋಡು, ಇಲ್ಲಿ ನಿನಗೂ ಉಳಿದವರಿಗೂ ಹೇಳಿಬಿಟ್ಟೆ; ಬೇಲಿಯಾಚೆ ಇರುವವನಿಗೆ ಹೇಳಿಲ್ಲ. ಅವನ ಹೆಂಡತಿ ನಾನು ಬರೆದದ್ದನ್ನೆಲ್ಲ ಓದುತ್ತಾಳೆ ಎಂಬುದೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೋ ಏನೋ. ಫಾದರ್ ಕೇಳಿದರೆ ಹೇಳಬೇಡ.

ನಿನ್ನೆ ಎರಡು ಚೀಲ, ಮೇಲೊಂದು ಗಂಟು ತೂಗಿ ಜೀಪಿಗೆ ಹಾಕಿಕೊಂಡು ಅವನ ಗೇಟಿನವರೆಗೆ ಹೋದೆ. ಹೂಮಳೆ ಬಿದ್ದು ವಾರ ಕಳೆದಿದೆ, ಎರಡೂ ಕಡೆ ಕಾಫಿ ಹೂವು ಬಿಟ್ಟಿದೆ, ಸಾಹಿತ್ಯ ಬರೆಯುವವರಾದರೆ ಒಂದು ಪುಟ ಬರೆಯುತ್ತಿದ್ದರು. ನಾಯಿ ಬೊಗಳಿತು. ನಮ್ಮ ಮನೆಯ ನಾಯಿಯದೇ ಮರಿ, ನನ್ನ ಗುರುತು ಸಿಗಲಿಲ್ಲ. ಜೀಪು ತಿರುಗಿಸಿದೆ. ಚೀಲಗಳು ಇನ್ನೂ ಅದರಲ್ಲೇ ಇವೆ. ಜೀಪು ಹತ್ತಿದರೆ ಸಾಕು, ಸೀನು ಬರುತ್ತದೆ.

ಈಸ್ಟರಿಗೆ ಬಾ. ಕೊಡೆ ತರಬೇಡ. ಟಿ.ವಿ. ಬೇಕಿದ್ದರೆ ಹೇಳು, ಅಗ್ಗಕ್ಕೆ ಕೊಡುತ್ತೇನೆ.

ಅಜ್ಜಿಯ ಮಂಡಿ ವಾಸಿಯಾಗಿದೆಯಂತೆ, ಈ ಭಾನುವಾರ ಪೂಜೆಗೆ ಬರುತ್ತಾರಂತೆ. ಇದು ಒಳ್ಳೆಯ ಸುದ್ದಿಯೋ ಅಲ್ಲವೋ, ತಿಳಿಯುತ್ತಿಲ್ಲ.

ಇಂತಿ,
ಕಂಬದ ಪಕ್ಕದವನು