ಪ್ರತಿಭಾ ಕಾರಂಜಿಗೆ ಇನ್ನೊಂದು ಸ್ಪರ್ಧೆ ಸೇರಿಸಿ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಗಳಲ್ಲಿ ಕಂಠಪಾಠಕ್ಕೆ ಬಹುಮಾನವಿದೆ, ಕಥೆ ಹೇಳುವುದಕ್ಕಿದೆ, ಆಶುಭಾಷಣಕ್ಕಿದೆ, ಜೇಡಿಮಣ್ಣಿನ ಗೊಂಬೆಗೂ ಇದೆ. ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಬಲ್ಲ ಮಗುವಿಗೆ ಮಾತ್ರ ಏನೂ ಇಲ್ಲ. ಅದನ್ನೂ ಸೇರಿಸಿ ಎಂದು ಶಿಕ್ಷಣ ಇಲಾಖೆಯನ್ನು ಕೇಳುವುದಕ್ಕಾಗಿ ಈ ಪತ್ರ. ನಾನು ಶಿಕ್ಷಕನಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು, ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ.

ಐದನೇ ತರಗತಿಯವರಿಗೆ ‘ಪಂಪ್‌ಸೆಟ್ ಚಾಲೂ ಮಾಡುವುದು ಹೇಗೆ’ ಎಂದು ಬರೆಯಲು ಕೊಡಿ ಎಂದು ಮೇಡಂ ಅವರನ್ನು ಕೇಳಿಕೊಂಡಿದ್ದೆ. ಹೆಚ್ಚಿನ ಮಕ್ಕಳ ಮನೆಯಲ್ಲೇ ಪಂಪಿದೆ, ಅಪ್ಪ ಮಾಡುವುದನ್ನು ನೋಡುತ್ತಲೇ ಬೆಳೆದವರು. ಆದರೂ ಕೈಗೆ ಬಂದದ್ದು ಪ್ರಬಂಧ. ಪೀಠಿಕೆಯಲ್ಲಿ ‘ರೈತ ದೇಶದ ಬೆನ್ನೆಲುಬು’, ನಡುವೆ ವಿಶ್ವೇಶ್ವರಯ್ಯನವರು ಮತ್ತು ಕನ್ನಂಬಾಡಿ ಕಟ್ಟೆ, ಉಪಸಂಹಾರದಲ್ಲಿ ‘ನೀರನ್ನು ಮಿತವಾಗಿ ಬಳಸೋಣ’. ಅಕ್ಷರ ಮುತ್ತಿನಂತಿತ್ತು. ಪಂಪು ಮಾತ್ರ ಚಾಲೂ ಆಗಿರಲಿಲ್ಲ.

ಮುಂದಿನ ವಾರ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಾನೊಬ್ಲಾಕ್ ಪಂಪನ್ನು, ವೈರು ಕಿತ್ತು, ತುಂಡು ಪೈಪು ಮತ್ತು ಅದರ ಕೆಳತುದಿಯ ಫುಟ್‌ವಾಲ್ವ್ ಸಮೇತ ಶಾಲೆಯ ಜಗಲಿಯ ಅಂಚಿಗೆ ತಂದಿಟ್ಟೆ. (ಮಕ್ಕಳ ಕೈಗೆ ಕರೆಂಟು ಕೊಡುವ ಮಾತೇ ಇಲ್ಲ.) ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಅದರಂತೆಯೇ ಮಾಡಬೇಕು, ಬರೆದವರು ಬಾಯಿ ಬಿಡುವಂತಿಲ್ಲ. ಒಬ್ಬ ಹುಡುಗಿ ‘ಮೊದಲು ಪಂಪಿಗೆ ನೀರು ಹಾಕಬೇಕು’ ಎಂದು ಬರೆದಿದ್ದಳು. ಓದಿದ ಹುಡುಗ ಚೊಂಬು ಎತ್ತಿ ಪಂಪಿನ ತಲೆಯ ಮೇಲೆ ಅಭಿಷೇಕ ಮಾಡಿಬಿಟ್ಟ. ‘ಅಲ್ಲಲ್ಲ ಕಣೋ, ಬಿರಡೆ ಬಿಚ್ಚು!’ ಎಂದು ಅವಳು ಕಿರುಚಿಕೊಂಡಳು. ಬಿರಡೆ ಕಾಗದದಲ್ಲಿ ಎಲ್ಲಿದೆ ತೋರಿಸು ಎಂದ ಅವನು. ನ್ಯಾಯ ಅವನ ಕಡೆಗಿತ್ತು.

ಅವಳು ಸಿಟ್ಟಿನಲ್ಲೇ ಕುಳಿತು ತಿದ್ದಿದಳು: ‘ಪಂಪಿನ ಮೇಲ್ಭಾಗದ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿ. ಆ ತೂತಿನೊಳಗೆ ನೀರು ಸುರಿಯಿರಿ. ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ನೀರು ಹೊರಗೆ ಉಕ್ಕಿದ ಮೇಲೆ ಬಿರಡೆ ಬಿಗಿ ಮಾಡಿ.’ ಗುಳ್ಳೆಯ ವಿಷಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ಗೊತ್ತಿತ್ತು, ಅಷ್ಟೇ. ಅಂಥದ್ದನ್ನು ಬರೆಯಬಹುದು ಎಂದು ಗೊತ್ತಿರಲಿಲ್ಲ.

ನೀರು ಯಾಕೆ ತುಂಬಬೇಕು ಎಂಬ ಪ್ರಶ್ನೆ ಇನ್ನೂ ಕಷ್ಟದ್ದಾಯಿತು. ‘ಇಲ್ಲದಿದ್ದರೆ ಮೋಟಾರು ಕೆಡುತ್ತದೆ’ ಎಂದು ಎಲ್ಲರೂ ಬರೆದರು. ಅದು ಹೆದರಿಕೆ, ಕಾರಣವಲ್ಲ. ಒಳಗಿನ ಚಕ್ರ ನೀರನ್ನು ದೂಡಬಲ್ಲದು. ಬರೀ ಗಾಳಿ ತುಂಬಿದ್ದರೆ ಸುಮ್ಮನೆ ತಿರುಗುತ್ತದೆ, ಕೆಳಗಿನ ನೀರು ಮೇಲಕ್ಕೆ ಬರುವುದಿಲ್ಲ, ಸೀಲು ಸುಡುತ್ತದೆ. ಸುರಿದ ನೀರು ಕೆಳಗಿಳಿದು ಹೋಗದಂತೆ ಹಿಡಿಯುವುದು ಫುಟ್‌ವಾಲ್ವ್. ಇಷ್ಟನ್ನು ತನ್ನ ಮಾತಿನಲ್ಲಿ ಬರೆದ ಮಗು, ಎಷ್ಟು ಸುರಿದರೂ ನೀರು ನಿಲ್ಲದಿದ್ದಾಗ ಫುಟ್‌ವಾಲ್ವಿಗೆ ಕಸ ಸಿಕ್ಕಿರಬೇಕೆಂದು ತಾನೇ ಊಹಿಸುತ್ತದೆ. ಬರೀ ಕ್ರಮವನ್ನು ಬಾಯಿಪಾಠ ಮಾಡಿದವನು ನನ್ನ ಅಂಗಡಿಗೆ ಬರುತ್ತಾನೆ. ನನಗೇನೋ ವ್ಯಾಪಾರ ಆಗುತ್ತದೆ ಅನ್ನಿ.

ಇದು ಪಂಪಿನ ಮಾತಷ್ಟೇ ಅಲ್ಲ. ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ, ಅದರ ಮೇಲೆ ಬರೆದಷ್ಟೇ ನೀರಿಗೆ (ದೊಡ್ಡ ಪೊಟ್ಟಣವಾದರೆ ಒಂದು ಲೀಟರಿಗೆ) ಕಲಸಬೇಕೆಂಬುದನ್ನು ಓದು ಬಾರದ ಅಜ್ಜಿಗೆ ಓದಿ ಹೇಳುವವರು ಮನೆಯ ಮಕ್ಕಳೇ. ‘ಸ್ವಲ್ಪ ನೀರಿಗೆ ಸ್ವಲ್ಪ ಪುಡಿ’ ಎಂದು ಹೇಳಿದರೆ ಭೇದಿಯಾದ ಕೂಸಿನ ಗತಿಯೇನು?

ಒಂದರಿಂದ ಮೂರನೇ ತರಗತಿಯವರೆಗೆ, ಕಾರ್ಡು ಮತ್ತು ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿ ಇದೆ. 1995ರಲ್ಲಿ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿ ಕಾರ್ಡು ನೋಡಿ ಅದರಂತೆ ಮಾಡುವುದನ್ನು ಪುಟ್ಟ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಮೇಲೆ ಅಂಥ ಕಾರ್ಡನ್ನು ತಾವೇ ಬರೆಯುವಂತೆ ಆಗಬೇಕಿತ್ತು. ಆಗುವುದು ಬೋರ್ಡಿನ ಮೇಲಿನ ಪ್ರಶ್ನೋತ್ತರದ ನಕಲು.

ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವುದರ ನಡುವೆ ಇದೊಂದು ಬೇರೆ ಹೊರೆಯೇ ಎಂದು ಶಿಕ್ಷಕರು ಕೇಳಿದರೆ ತಪ್ಪಿಲ್ಲ. ಆದರೆ ಇದರಲ್ಲಿ ಕೆಂಪು ಶಾಯಿಯ ಕೆಲಸ ಕಡಿಮೆ. ಬರಹ ಎಲ್ಲಿ ಎಡವಿದೆ ಎಂಬುದನ್ನು ಚೊಂಬು ಹಿಡಿದ ಹುಡುಗನೇ ತೋರಿಸಿಕೊಡುತ್ತಾನೆ. ಸಾಮಾನೂ ದುಬಾರಿಯಲ್ಲ: ಸೈಕಲ್ ಚೈನು ಹಾಕುವುದು, ಹೂ ಕಟ್ಟುವುದು, ಬಸ್ ನಿಲ್ದಾಣದಿಂದ ಶಾಲೆಗೆ ದಾರಿ ಹೇಳುವುದು, ಏನಾದರೂ ಆದೀತು.

ಮೊದಲು ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿನಲ್ಲಿ, ಮಾಡಿ ನೋಡಿ. ಒಂದು ಶಾಲೆಯ ಮಗು ಬರೆಯಲಿ, ಅದನ್ನು ಬೇರೆ ಶಾಲೆಯ ಮಗು ಓದಿ ಮಾಡಲಿ. ಕೆಲಸ ಆದರೆ ಅಂಕ, ಆಗದಿದ್ದರೆ ತಿದ್ದಲು ಇನ್ನೊಂದು ಅವಕಾಶ. ದುಂಡಕ್ಷರಕ್ಕೆ, ಗಾದೆಗೆ, ಪೀಠಿಕೆಗೆ ಅಂಕ ಬೇಡ.

— ಎಸ್‌ಡಿಎಂಸಿ ಸದಸ್ಯ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ