ಸಂಬಳದ ಶೀಟ್ ಕಳಿಸುವ ಮುಂಚೆ: ಮಗಳಿಗೊಂದು ಪತ್ರ

ಡೊಂಬಿವಲಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಸಣ್ಣದಾಗಿತ್ತು. "ಅಮ್ಮಾ, ಈ ತಿಂಗಳ ಸಂಬಳದ ಶೀಟ್ ನಾನೇ ಮಾಡಬೇಕಂತೆ, ಎಕ್ಸೆಲ್‌ನಲ್ಲಿ" ಅಂದೆ. ಪುಣೆ ಹತ್ತಿರದ ಭೋಸರಿಯ ಆ ಫ್ಯಾಕ್ಟರಿಗೆ ನೀನು ಸೇರಿ ಇನ್ನೂ ಇಪ್ಪತ್ತು ದಿನ ಆಗಿಲ್ಲ. ಹೆದರಿಕೆ ಆಗುವುದು ಸಹಜ. ಫೋನಿನಲ್ಲಿ ಹೇಳಿದರೆ "ಹೂಂ, ಹೂಂ" ಅಂತೀಯ, ಆಮೇಲೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೋ.

ನಾನು 1991ರಲ್ಲಿ ಮದುವೆಯಾಗಿ ಕಾರ್ಕಳದಿಂದ ಈ ಊರಿಗೆ ಬಂದಾಗ ಕೈಯಲ್ಲಿದ್ದದ್ದು ಟೈಪಿಂಗ್ ಸರ್ಟಿಫಿಕೇಟ್ ಒಂದೇ. ಮುಂಬೈನ ಸಾಕಿನಾಕಾದ ಆಫೀಸಿನಲ್ಲಿ ಲೆಜರ್, ಅಂದರೆ ಲೆಕ್ಕದ ಪುಸ್ತಕ, ಬರೆಯಲು ಕೂರಿಸಿದರು. ತಿಂಗಳ ಕೊನೆಗೆ ಡೆಬಿಟ್, ಕ್ರೆಡಿಟ್ ಎರಡೂ ಕಡೆಯ ಮೊತ್ತ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಏಳುವ ಹಾಗಿರಲಿಲ್ಲ. ನಮ್ಮ ಹೆಡ್ ಅಕೌಂಟೆಂಟ್ ಉಡುಪಿ ಕಡೆಯವರು. ಅವರೊಂದು ಉಪಾಯ ಹೇಳಿಕೊಟ್ಟಿದ್ದರು. ಎಷ್ಟು ವ್ಯತ್ಯಾಸ ಬರುತ್ತದೋ ಅದನ್ನು ಒಂಬತ್ತರಿಂದ ಭಾಗಿಸಬೇಕು. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಒಂಬತ್ತು ಹತ್ತಲಿ ತೊಂಬತ್ತು. ಅಂಥ ಜೋಡಿಯನ್ನು ಹುಡುಕಿದರೆ ತಪ್ಪು ಹತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಈಗ ನೀನು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಮಾಡುತ್ತೀಯ. ಎರಡು ಕಡೆ ಕೂಡದೆ ಅದು ವೋಚರ್ ಮುಗಿಸಲು ಬಿಡುವುದಿಲ್ಲ. ಆದರೆ ನೀನೇ ಎರಡು ಕಡೆಯೂ 450 ಅಂತ ಒತ್ತಿದರೆ ಅದಕ್ಕೇನು ಗೊತ್ತಾಗಬೇಕು? ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸುವಾಗಲೇ ಅದು ಹೊರಗೆ ಬರುವುದು. ಆಗ ಆ ಒಂಬತ್ತರ ಉಪಾಯ ನೆನಪು ಮಾಡಿಕೋ. ಅಂದಹಾಗೆ, ಟ್ಯಾಲಿ ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಶುರುವಾಗಿದ್ದು, ಗೋಯೆಂಕಾ ಅನ್ನುವ ತಂದೆ ಮಗ ಸೇರಿ ಕಟ್ಟಿದ್ದು. ನಮ್ಮ ಆಫೀಸಿಗೆ ಅದು 1998ರಲ್ಲಿ ಬಂತು. ಕೀಬೋರ್ಡಿನಲ್ಲಿ ಎಫ್5 ಒತ್ತಿದರೆ ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಇಂದಿಗೂ ನನ್ನ ಬೆರಳಿಗೆ ಇವು ಬಾಯಿಪಾಠ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

2011ರಲ್ಲಿ ನಾನು ಬೇರೆ ಕಂಪನಿಯಲ್ಲಿದ್ದೆ. ನಲವತ್ತೆರಡು ಜನರ ಸಂಬಳ. ಅಲ್ಲಿಯವರೆಗೆ ಲಕೋಟೆಯಲ್ಲಿ ಕೊಡುತ್ತಿದ್ದರು, ಆ ತಿಂಗಳಿಂದ ಬ್ಯಾಂಕಿಗೆ. ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ, ಮೊತ್ತ. ಎಕ್ಸೆಲ್‌ನಲ್ಲಿ ನಾನೇ ತುಂಬಿಸಿದೆ. ಮೊತ್ತ ಮೂರು ಸಲ ಕೂಡಿದೆ, ಸರಿ ಇತ್ತು. ಕಳಿಸಿಬಿಟ್ಟೆ. ಮೂರನೇ ದಿನ ಲೋಡಿಂಗ್ ವಿಭಾಗದ ಕಾಕಾ ಬಂದು ನನ್ನ ಮೇಜಿನ ಮುಂದೆ ನಿಂತರು. ಸಾತಾರಾ ಕಡೆಯ ಹಿರಿಯರು, ಜೋರಾಗಿ ಮಾತಾಡಿದವರಲ್ಲ. "ಬಾಯಿ, ಪಗಾರ್ ಆಲಾ ನಾಹಿ" ಅಂದರು, ಸಂಬಳ ಬಂದಿಲ್ಲ ಅಂತ. ಕೈಯಲ್ಲಿ ಪಾಸ್‌ಬುಕ್ ಇತ್ತು. ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟಿದ್ದರು.

ಪಾಸ್‌ಬುಕ್ಕಿನ ಸಂಖ್ಯೆಯನ್ನು ನನ್ನ ಶೀಟಿನ ಜೊತೆ ಒಂದೊಂದೇ ಅಂಕಿ ಹೋಲಿಸಿದೆ. ಹದಿನೈದು ಅಂಕಿ ಸರಿ. ಕೊನೆಯದು 7 ಇರಬೇಕು, ಶೀಟಿನಲ್ಲಿ 0 ಇತ್ತು. ನಾನು 7 ಒತ್ತಿದ್ದೇ ನಿಜ. ಮತ್ತೆ ಒತ್ತಿ ನೋಡಿದೆ. ಎಂಟರ್ ಕೊಟ್ಟ ಕೂಡಲೇ ಕಣ್ಣೆದುರೇ ಮತ್ತೆ 0 ಆಯಿತು.

ಎಕ್ಸೆಲ್ ಸಂಖ್ಯೆಯಲ್ಲಿ ಹದಿನೈದು ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಆ ಮುಂದಿನ ಸೊನ್ನೆಯನ್ನೂ ನುಂಗುತ್ತದೆ. ಅದಕ್ಕೆ ಅದು ಲೆಕ್ಕ ಹಾಕುವ ಸಂಖ್ಯೆ, ನಮಗೆ ಅದು ಒಬ್ಬ ಮನುಷ್ಯನ ಗುರುತು. ಹಾಗಾಗಿ ತುಂಬಿಸುವ ಮುಂಚೆಯೇ ಆ ಕಾಲಮ್ಮನ್ನು ಪೂರ್ತಿ ಆರಿಸಿ 'ಟೆಕ್ಸ್ಟ್' ಅಂತ ಮಾಡು. ಇಲ್ಲವೇ ಸಂಖ್ಯೆಯ ಮುಂದೆ ಒಂದು ಅಪಾಸ್ಟ್ರಫಿ (') ಹಾಕು. ಮೊದಲು ತುಂಬಿಸಿ ಆಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ.

ದುಡ್ಡು ವಾಪಸ್ ಬಂದಿತ್ತು, ಐದನೇ ದಿನ ಕಾಕಾಗೆ ಸಿಕ್ಕಿತು. ಆ ಐದು ದಿನ ಅವರು ಯಾರ ಹತ್ತಿರ ಸಾಲ ಮಾಡಿದರೋ ನಾನು ಕೇಳಲಿಲ್ಲ. ಕೇಳಬೇಕಿತ್ತು. ಆ ಸೊನ್ನೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗೆಲ್ಲ ಹಣ ಹೋಗುತ್ತಿದ್ದದ್ದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಆ ತಪ್ಪು ಸಂಖ್ಯೆಯ ಖಾತೆ ಇನ್ಯಾರದೋ ಆಗಿದ್ದರೆ? 2025ರಿಂದ ನೆಟ್ ಬ್ಯಾಂಕಿಂಗಿನಲ್ಲಿ ಕಳಿಸುವ ಮುಂಚೆ ಖಾತೆದಾರರ ಹೆಸರು ನೋಡುವ ಅನುಕೂಲ ಬಂದಿದೆ, ಒಳ್ಳೆಯದೇ. ಆದರೂ ನೀನು ಪಕ್ಕದ ಮೇಜಿನವರನ್ನು ಕರೆದು ಕೂರಿಸಿಕೋ. ಅವರು ಪಾಸ್‌ಬುಕ್ ಪ್ರತಿ ನೋಡಿ ಗಟ್ಟಿಯಾಗಿ ಓದಲಿ, ನೀನು ಪರದೆಯ ಮೇಲೆ ಬೆರಳಿಟ್ಟು ನೋಡು. ಅರವತ್ತು ಜನರಾದರೆ ಅರ್ಧ ಗಂಟೆ. ಸಾಹೇಬರು ಗಡಿಬಿಡಿ ಮಾಡಿದರೂ ಈ ಅರ್ಧ ಗಂಟೆ ಬಿಡಬೇಡ.

ಇನ್ನೊಂದು, ಸಾರ್ಟ್ ಮಾಡುವಾಗ, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವಾಗ. ಒಂದೇ ಕಾಲಮ್ ಆರಿಸಿ ಸಾರ್ಟ್ ಕೊಟ್ಟರೆ ಹೆಸರುಗಳು ಇದ್ದಲ್ಲೇ ಇರುತ್ತವೆ, ಮೊತ್ತಗಳು ಮಾತ್ರ ಜಾಗ ಬದಲಿಸುತ್ತವೆ. ಒಬ್ಬರ ಸಂಬಳ ಇನ್ನೊಬ್ಬರ ಎದುರಿಗೆ ಬಂದು ಕೂರುತ್ತದೆ. ಒಟ್ಟು ಮೊತ್ತ ಮಾತ್ರ ಸರಿಯೇ ಇರುತ್ತದೆ! ಪಕ್ಕದ ಕಾಲಮ್‌ಗಳನ್ನೂ ಸೇರಿಸಲೇ ಅಂತ ಎಕ್ಸೆಲ್ ಕೇಳಿದರೆ ಓದದೆ ಬಟನ್ ಒತ್ತಬೇಡ. ಒಂದು ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ವಿ-ಲುಕಪ್ (VLOOKUP) ಫಾರ್ಮುಲಾ ಬಳಸುವಾಗ ಕೊನೆಯಲ್ಲಿ ಸೊನ್ನೆ ಹಾಕಲು ಮರೆಯಬೇಡ. ಹಾಕದಿದ್ದರೆ ಅದು ಹತ್ತಿರದ್ದು ಯಾವುದೋ ತಂದುಕೊಡುತ್ತದೆ.

ಬ್ಯಾಕಪ್ ವಿಷಯ ನಿನಗೆ ಬೇಜಾರು ಅಂತ ಗೊತ್ತು. ಆದರೆ 2005ರ ಜುಲೈ 26 ನಿನಗೆ ನೆನಪಿರಲಿಕ್ಕಿಲ್ಲ, ತೊಟ್ಟಿಲಿನ ಮಗು ನೀನು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನನ್ನ ಹೆರಿಗೆ ರಜೆ ಮುಗಿದು ಒಂದು ವಾರವಾಗಿತ್ತು. ನೀನು ಇಲ್ಲಿ ಅಜ್ಜಿಯ ಹತ್ತಿರ, ನಾನು ಸಾಕಿನಾಕಾದಲ್ಲಿ. ಲೋಕಲ್ ನಿಂತಿತು, ಫೋನ್ ಹೋಗುತ್ತಿರಲಿಲ್ಲ. ಆ ರಾತ್ರಿ ಮೇಲಿನ ಮಹಡಿಯವರ ಗೋದಾಮಿನಲ್ಲಿ ಕಳೆದೆವು. ಕೆಳಗೆ ನಮ್ಮ ಆಫೀಸಿನಲ್ಲಿ ಮೇಜಿನವರೆಗೆ ನೀರು. ಸಿಪಿಯು ನೆಲದ ಮೇಲಿತ್ತು. ಬ್ಯಾಕಪ್ ಸಿಡಿಗಳು ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿ. ಬ್ಯಾಕಪ್ ಇತ್ತು, ಆದರೆ ಕಂಪ್ಯೂಟರಿನ ಜೊತೆಯೇ ಮುಳುಗಿತು.

ಏಪ್ರಿಲ್‌ನಿಂದ ಜುಲೈವರೆಗಿನ ಲೆಕ್ಕವೆಲ್ಲ ಹೋಯಿತು. ಬಿಲ್ ಪುಸ್ತಕಗಳನ್ನು ಬಿಚ್ಚಿ, ಒಂದೊಂದು ಹಾಳೆಯನ್ನು ನೈಲಾನ್ ಹಗ್ಗಕ್ಕೆ ಕ್ಲಿಪ್ ಹಾಕಿ ಫ್ಯಾನಿನ ಕೆಳಗೆ ಒಣಗಿಸಿದೆವು. ಶಾಯಿ ಪೆನ್ನಿನಲ್ಲಿ ಬರೆದದ್ದು ನೀಲಿ ಕಲೆಯಾಗಿ ಹರಿದುಹೋಗಿತ್ತು. ಕಾರ್ಬನ್ ಪ್ರತಿಗಳು ಉಳಿದವು. ಅವುಗಳಿಂದ ನಾಲ್ಕು ತಿಂಗಳ ಲೆಕ್ಕ ಮತ್ತೆ ತುಂಬಿಸಲು ದೀಪಾವಳಿ ಬಂತು. ಈಗ ನಿಮಗೆ ಇಂಟರ್ನೆಟ್ಟಿನಲ್ಲಿ ಫೈಲ್ ಇಡುವ ಡ್ರೈವ್ ಇದೆ, ಅಷ್ಟು ಕಷ್ಟವಿಲ್ಲ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಆಫೀಸಿನ ಡ್ರೈವ್‌ನಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ತಿಂಗಳಿಗೊಮ್ಮೆ ತೆರೆದೂ ನೋಡು. ಫೈಲಿಗೆ 'ಫೈನಲ್', 'ಫೈನಲ್ ನ್ಯೂ' ಅಂತ ಹೆಸರಿಡಬೇಡ. ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ತಾರೀಕು ಹಾಕಿದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಜಿಎಸ್‌ಟಿ ಕೆಲಸವೂ ನಿನ್ನ ಪಾಲಿಗೆ ಬರಬಹುದು. ನಂಬರಿನ ಹದಿನೈದು ಅಕ್ಷರ ನೋಡಿ ಗಾಬರಿಯಾಗಬೇಡ. ಮೊದಲ ಎರಡು ರಾಜ್ಯದ್ದು: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ಗೋವಾಕ್ಕೆ 30. ಮುಂದಿನ ಹತ್ತು ಅವರ ಪ್ಯಾನ್. ಬೆಳಗಾವಿಯ ಪಾರ್ಟಿಯ ಬಿಲ್ಲಿನಲ್ಲಿ 27 ಕಂಡರೆ ನಿಲ್ಲಿಸಿ ಕೇಳು.

ಮೇಲ್ ಬಗ್ಗೆ ಒಂದೇ ಮಾತು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಕಳಿಸಿ" ಅಂತ ಸಪ್ಲೈಯರ್ ಹೆಸರಿನಲ್ಲಿ ಮೇಲ್ ಬಂದರೆ, ಆ ಮೇಲ್‌ಗೆ ಉತ್ತರ ಬರೆಯಬೇಡ. ಅದರಲ್ಲಿರುವ ನಂಬರಿಗೂ ಫೋನ್ ಮಾಡಬೇಡ. ಹಳೇ ಬಿಲ್ಲಿನಲ್ಲಿರುವ ನಂಬರಿಗೆ ಮಾಡು. ದುಡ್ಡು ಹೋಗಿಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು, ಯಾರು ಬೈದಾರು ಅಂತ ಯೋಚಿಸುತ್ತಾ ಕೂರಬಾರದು. ಸಂಬಳದ ಪಟ್ಟಿಯನ್ನು ಚಾಟ್‌ಜಿಪಿಟಿಗೆ ಹಾಕಿ "ಸರಿ ಮಾಡಿಕೊಡು" ಅನ್ನಬೇಡ. ಫಾರ್ಮುಲಾ ಬೇಕಾದರೆ ಸುಳ್ಳು ಹೆಸರು, ಸುಳ್ಳು ಅಂಕಿ ಹಾಕಿ ಕೇಳು. ಜನರ ಖಾತೆ ಸಂಖ್ಯೆಗಳು ನಿನ್ನವಲ್ಲ.

ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಬೇಡ, ಮರಾಠಿ ತಡವರಿಸಿದರೂ ಪರವಾಗಿಲ್ಲ. ನಾನು ಎಕ್ಸೆಲ್ ಕಲಿತದ್ದು ಆಫೀಸಿನ ಹುಡುಗನೊಬ್ಬನಿಂದ, ಊಟದ ಹೊತ್ತಿನಲ್ಲಿ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ.

ಶನಿವಾರ ರಜೆ ಸಿಕ್ಕರೆ ಬೆಳಿಗ್ಗೆ ಚಿಂಚ್‌ವಡ್‌ನಲ್ಲಿ ಸಿಂಹಗಡ ಎಕ್ಸ್‌ಪ್ರೆಸ್ ಹತ್ತು. ಅಪ್ಪ ಕಲ್ಯಾಣಕ್ಕೆ ಬರುತ್ತಾರೆ. ಲ್ಯಾಪ್‌ಟಾಪ್ ತಾ. ಹೆಸರು, ಖಾತೆ ಇಲ್ಲದ ಖಾಲಿ ಶೀಟ್ ತಂದರೆ ಸಾಕು, ಇಬ್ಬರೂ ಕೂತು ಕಾಲಮ್‌ಗಳನ್ನು ಸರಿ ಮಾಡೋಣ.

ನಿನ್ನ,
ಅಮ್ಮ