ಹೂಡಿಕೆ ಬಂತು ಸರಿ, ಮಾರುವಾಗ?

ಮಾನ್ಯರೇ,

ಸ್ಟಾರ್ಟಪ್‌ಗೆ ಹೂಡಿಕೆ ಸಿಕ್ಕರೆ ದೊಡ್ಡ ಸುದ್ದಿ. ಕಂಪನಿ ಮಾರಿದಾಗ ಸ್ಥಾಪಕರ ಕೈಗೆಷ್ಟು ಬಂತು ಎಂದು ಯಾರೂ ಕೇಳುವುದಿಲ್ಲ. ಹೂಡಿಕೆದಾರರು 10 ಕೋಟಿ ಹಾಕಿ, 'ಮೊದಲು ನಮ್ಮ ದುಡ್ಡು ವಾಪಸ್' ಎಂಬ ಷರತ್ತು ಬರೆಸಿದ್ದಾರೆ ಅಂದುಕೊಳ್ಳಿ. ಕಂಪನಿ 12 ಕೋಟಿಗೆ ಮಾರಾಟವಾದರೆ ಉಳಿದವರಿಗೆ 2 ಕೋಟಿ. ಕೆಲವು ಒಪ್ಪಂದಗಳಲ್ಲಿ ಅದರಲ್ಲೂ ಹೂಡಿಕೆದಾರರಿಗೆ ಪಾಲು! ಷೇರು ನೆಚ್ಚಿಕೊಂಡು ಕಡಿಮೆ ಸಂಬಳಕ್ಕೆ ದುಡಿದ ನೌಕರರಿಗೆ ಚಿಲ್ಲರೆ ಅಷ್ಟೆ.

ಹೊರಗಿನ ಹೂಡಿಕೆ ಬೇಕೇ ಬೇಕು ಅಂತೇನಿಲ್ಲ. 2010ರಲ್ಲಿ ಶುರುವಾದ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೀರೋಧಾ ಅದಿಲ್ಲದೆ ಬೆಳೆಯಿತು. ಎಲ್ಲರಿಗೂ ಅದು ಆಗದು, ನಿಜ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಆಯ್ದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಜೊತೆಗೆ, ಸಹಿಗೆ ಮುಂಚೆ ಒಪ್ಪಂದ ಓದಿ ವಿವರಿಸುವ ವಕೀಲರನ್ನೂ ಒದಗಿಸಲಿ.

– ಓದುಗ, ಹುಬ್ಬಳ್ಳಿ